ಖಾಲಿ ಬಿದ್ದಿದ್ದ ಹೆಸರು

ಮನೆಯಲ್ಲಿ ಮಾತು ಕೇಳುವವರು ಸಾಲದು ಎಂದು ಇವರಿಗೆ ಅನ್ನಿಸಿದ್ದು ಉಪ್ಪಳದ ಹೊಸ ಮನೆಗೆ ಒಕ್ಕಲು ಬಂದ ಮೇಲೆ. ಅದುವರೆಗೆ ನಾನೊಬ್ಬಳೇ ಸಾಕಾಗುತ್ತಿದ್ದೆ. ಹೊಸ ಮನೆಯಲ್ಲಿ ಮಗ ಕೇಶವಪ್ರಸಾದ ಲೈಟು, ಫ್ಯಾನು, ಗೇಟು, ನೀರಿನ ಪಂಪು ಎಲ್ಲವನ್ನೂ ಫೋನಿನಲ್ಲೇ ನಡೆಸುವ ಹಾಗೆ ಮಾಡಿಸಿದ್ದಾನೆ. ಕಾಸರಗೋಡಿನಲ್ಲಿ ಅವನಿಗೆ ಇಂಥ ಸಾಮಾನುಗಳದ್ದೇ ಅಂಗಡಿ. ಸ್ವಂತ ಮನೆಯಲ್ಲಿ ಇಲ್ಲದ್ದನ್ನು ಗಿರಾಕಿಗಳಿಗೆ ಮಾರುವುದು ಹೇಗೆ? ಆದರೆ ಫೋನು ನೋಡಲು ಇವರಿಗೆ ಕನ್ನಡಕ ಬೇಕು, ಕನ್ನಡಕ ಹುಡುಕಲು ನಾನು ಬೇಕು. ಹಾಗಾಗಿ, ಬಾಯಲ್ಲಿ ಹೇಳಿದರೆ ಕೇಳಿ ಮಾಡುವ ಒಂದು ಪೆಟ್ಟಿಗೆ ತರುವುದೆಂದು ತೀರ್ಮಾನವಾಯಿತು.

ಇವರು ಎಂದರೆ ನನ್ನ ಗಂಡ, ನಿವೃತ್ತ ಕನ್ನಡ ಮಾಷ್ಟ್ರು. ಹೆಸರು ಹರಿನಾರಾಯಣ ಭಟ್. ಬರೆಯಬಹುದು, ಬಾಯಲ್ಲಿ ಹೇಳಬಾರದು. ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಅತ್ತೆ ಕಲಿಸಿದ್ದರು. ಹೆಂಡತಿಯ ಹೆಸರು ಹೇಳಿದರೆ ಯಾರ ಆಯುಷ್ಯಕ್ಕೆ ಕೇಡು ಎಂದು ಯಾರೂ ಕಲಿಸಿಲ್ಲ. ಆದರೂ ಮದುವೆಯಾದಂದಿನಿಂದ ಇವರು ನನ್ನನ್ನು ಕರೆದದ್ದು “ಇದಾ” ಎಂದು. ನಮ್ಮ ಹವ್ಯಕರ ಮನೆಮಾತಿನಲ್ಲಿ ಅದು “ಇಗೋ ನೋಡು” ಎಂದ ಹಾಗೆ. ಅವಸರವಿದ್ದರೆ “ಕೇಳಿತ್ತಾ?” ಎನ್ನುತ್ತಾರೆ. ನಾವು ಮನೆಯಲ್ಲಿ ಆಡಿದ ಉಳಿದ ಮಾತನ್ನೆಲ್ಲ ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಬರೆಯುತ್ತೇನೆ. ಇವೆರಡು ಮಾತ್ರ ಇದ್ದ ಹಾಗೆಯೇ ಇರಲಿ, ಅವು ನನ್ನ ಹೆಸರುಗಳು.

ಅಪ್ಪ ಅಮ್ಮ ಇಟ್ಟ ಹೆಸರು ದೇವಕಿ. ಕರೆಯುತ್ತಿದ್ದದ್ದು ಅಮ್ಮ. ಅವರು ಹೋದ ಮೇಲೆ ನಾನು ತವರಿನಲ್ಲಿ ಅಕ್ಕ, ಮಗನಿಗೆ ಅಮ್ಮ, ಸೊಸೆಗೆ ಅತ್ತೆ, ಊರಿಗೆ ಮಾಷ್ಟ್ರ ಮನೆಯವರು. ಕಾಸರಗೋಡಿನ ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಿಗೆ ಬಂದು “ದೇವಕಿ” ಎಂದು ಕೂಗುವುದುಂಟು. ಬಿ.ಪಿ. ತೋರಿಸಲು ಹೋದವಳಿಗೆ ಅದನ್ನು ಕೇಳಿಯೇ ಬಿ.ಪಿ. ಏರುತ್ತದೆ. ಇವರ ಬಾಯಲ್ಲಿ ಒಂದು ಸಲ ನನ್ನ ಹೆಸರು ಕೇಳಬೇಕೆಂದು ನನಗೆ ಆಸೆ ಇತ್ತು. ಈ ಪ್ರಾಯದಲ್ಲಿ ಇದೆಂಥ ಆಸೆ ಎಂದು ನಗುವವರು ನಗಲಿ. ಬಾಯಿಬಿಟ್ಟು ಕೇಳಿ ಪಡೆಯುವಂಥದ್ದಲ್ಲ ಅದು. ಹಾಗಾಗಿ ನಾನು ಯಾವತ್ತೂ ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಅಂಗಡಿಯಲ್ಲಿ ಕೇಶವನ ಪಾಲುದಾರನಾದ ಜೋಯ್‌ಸ್ಟನ್ ಮೂರು ಪೆಟ್ಟಿಗೆಗಳನ್ನು ಹಿಡಿದುಕೊಂಡು ಬಂದ. ಅವನು ಇವರ ಹಳೆಯ ಶಿಷ್ಯ. ಇವರು ಪೇಪರು ತಿದ್ದುವವರ ಮುಖ ಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಹಿಂದೆ ಕರೆಂಟ್ ಬಿಲ್ಲು ಕನ್ನಡದಲ್ಲಿ ಬರಬೇಕೆಂದು ತಿರುವನಂತಪುರದವರೆಗೆ ಅರ್ಜಿ ಕಳಿಸಿದವರು ಇವರು.

“ಕನ್ನಡ ಬರ್ತದಾ ಇದಕ್ಕೆ? ಮಲಯಾಳ ಮಾತ್ರ ಅಂತ ಆದ್ರೆ ನಾನು ಕತ್ತಲೆಯಲ್ಲೇ ಕೂರ್ತೇನೆ” ಎಂದು ಮೊದಲೇ ಹೇಳಿಬಿಟ್ಟರು. ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಇವರು ಆಡುವ ಮಲಯಾಳ ಕೇಳಬೇಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗಿರುತ್ತದೆ.

ಮೊದಲನೆಯ ಪೆಟ್ಟಿಗೆಗೆ ಕಂಪೆನಿಯವರೇ ಒಬ್ಬ ಪರದೇಶದ ಹೆಂಗಸಿನ ಹೆಸರಿಟ್ಟಿದ್ದರು. ಹಾಗೆ ಕರೆದರೆ ಮಾತ್ರ ಅದು ಓಗೊಡುವುದು.

“ಗುರುತು ಪರಿಚಯ ಇಲ್ಲದ ಹೆಂಗಸನ್ನು ಹೆಸರು ಹಿಡಿದು ಕರೆಯುವುದಾ? ಕೇಳಿದವರು ಎಂತ ಹೇಳಿಯಾರು?” ಎಂದರು ಇವರು.

ಗುರುತಿರುವ ಹೆಂಗಸನ್ನೂ ನೀವು ಕರೆಯುವುದಿಲ್ಲವಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದೆ, ಒಳಗೆ ಹೋದೆ.

ಎರಡನೆಯದನ್ನು ಎಬ್ಬಿಸಬೇಕಾದರೆ ಅದನ್ನು ಮಾಡಿದ ಕಂಪೆನಿಯ ಹೆಸರನ್ನೇ ಹೇಳಬೇಕಂತೆ. “ದಿನವಿಡೀ ಅವರ ಹೆಸರು ಜಪ ಮಾಡ್ಲಿಕ್ಕೆ ನಾನೇನು ಅವರ ಏಜೆಂಟನಾ?” ಎಂದು ಅದನ್ನೂ ಬದಿಗೆ ತಳ್ಳಿದರು.

“ಹಾಗಾದ್ರೆ ಇದು ನೋಡಿ ಮಾಷ್ಟ್ರೆ” ಎಂದು ಜೋಯ್‌ಸ್ಟನ್ ಮೂರನೆಯದನ್ನು ಮುಂದಿಟ್ಟ. “ಹೊಸ ಕಂಪೆನಿ. ಕನ್ನಡ ಚಂದ ಅರ್ಥ ಆಗ್ತದೆ. ಹೆಸರು ನೀವೇ ಇಡ್ಬಹುದು. ಕಂಡೀಶನ್ ಒಂದೇ. ಮನೆಯಲ್ಲಿ ಕರೆಯುವ ಹೆಸರು ಆಗ್ಬಾರ್ದು. ಇಲ್ಲದಿದ್ರೆ ನೀವು ಬೇರೆ ಯಾರನ್ನೋ ಕರೆದಾಗ ಇದು ಎದ್ದು ಕೂರ್ತದೆ.”

ನಾಮಕರಣ ಶುರುವಾಯಿತು. ಮಗನಿಗೆ ಹೆಸರಿಡುವಾಗಲೂ ಈ ಮನೆಯಲ್ಲಿ ಇಷ್ಟು ಚರ್ಚೆ ಆಗಿರಲಿಲ್ಲ. ಸೊಸೆ ಸುಪ್ರೀತಾ “ಲಕ್ಷ್ಮಿ” ಎಂದಳು. “ಬಚ್ಚಲಿನ ಲೈಟು ಹಾಕ್ಲಿಕ್ಕೆ ಲಕ್ಷ್ಮಿಗೆ ಹೇಳುವುದಾ?” ಎಂದು ಇವರು ರೇಗಿದ್ದೇ ತಡ, ದೇವತೆಗಳೆಲ್ಲ ಒಟ್ಟಿಗೇ ಎದ್ದುಹೋದರು. ಕೇಶವ “ಈಶ್ವರಿ” ಎಂದ. ಅದು ದೇವತೆಯ ಹೆಸರು ಮಾತ್ರವಲ್ಲ, ನಮ್ಮಲ್ಲಿಗೆ ಗುಡಿಸಿ ಒರೆಸಲು ಬರುವವಳ ಹೆಸರೂ ಹೌದು. ಜೋಯ್‌ಸ್ಟನ್ ಧಾರಾಳವಾಗಿ ತನ್ನ ಹೆಂಡತಿಯ ಹೆಸರನ್ನೇ ಕೊಟ್ಟ.

“ಪಿಂಕಿ ಅಂತ ಇಡಿ ಮಾಷ್ಟ್ರೆ. ನಮ್ಮನೆಯ ಪಿಂಕಿ ನಾನು ಹೇಳಿದ್ದು ಕೇಳುವುದಿಲ್ಲ, ಇಲ್ಲಿಯದ್ದಾದ್ರೂ ಕೇಳ್ಲಿ.”

“ಬೆಕ್ಕನ್ನು ಕರೆದ ಹಾಗೆ ಆಗ್ತದೆ” ಎಂದರು ಇವರು. ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. ಕಣ್ಣು ತೆರೆದಾಗ ಮುಖ ಅರಳಿತ್ತು.

“ದೇವಕಿ ಆಗಬಹುದು” ಎಂದರು. “ಆ ಹೆಸರು ಇಲ್ಲಿ ಯಾರೂ ಕರೆಯುವುದಿಲ್ಲ.”

ನಾನು ಕಾಫಿಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಕೇಶವ ನಗಲು ಹೊರಟವನು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಸುಪ್ರೀತಾ ತಲೆ ತಗ್ಗಿಸಿದಳು. ಇವರ ಮುಖದಲ್ಲಿ ಕುಹಕ ಇತ್ತೇ ಎಂದು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಲೆಕ್ಕ ಸರಿಬಂದ ಸಂತೋಷ ಮಾತ್ರ ಇತ್ತು.

“ಅಮ್ಮಾ, ನಿಮ್ಗೆ ಆಗಬಹುದಾ?” ಎಂದು ಕೇಳಿದ್ದು ಜೋಯ್‌ಸ್ಟನ್.

“ಆಗಬಹುದು” ಎಂದೆ. ಬೇಡ ಎಂದಿದ್ದರೆ ನನ್ನ ಆಸೆ ನಾಲ್ಕು ಜನರ ಮುಂದೆ ಬಯಲಾಗುತ್ತಿತ್ತು. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು, ಎರಡನ್ನೂ ಕಾಫಿಯ ಜೊತೆ ನುಂಗಿದೆ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಚಾವಡಿಯಿಂದ ಇವರ ದನಿ ಕೇಳಿಸಿತು.

“ದೇವಕೀ.”

ಏನು ಹೇಳಲಿ! ತುರಿಯುವುದನ್ನು ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿದೆ. ಹೊಸಿಲ ಹತ್ತಿರ ನಿಂತು “ಎಂತ?” ಎಂದೆ. ಇವರು ತಿರುಗಿ ನೋಡಿದರು.

“ನಿನ್ನನ್ನಲ್ಲ” ಎಂದರು. ಮತ್ತೆ ಪೆಟ್ಟಿಗೆಯ ಕಡೆ ತಿರುಗಿ, “ದೇವಕಿ, ಫ್ಯಾನು ಸ್ವಲ್ಪ ನಿಧಾನ ಮಾಡು ನೋಡುವ” ಎಂದರು. ಆ “ಸ್ವಲ್ಪ”, ಆ “ನೋಡುವ”! ಇಷ್ಟು ಮೆತ್ತಗಿನ ಮಾತು ಇವರಲ್ಲಿ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ನನಗೆ ಹೇಳುವುದಾದರೆ “ಇದಾ, ಫ್ಯಾನು” ಎಂಬಲ್ಲಿಗೆ ಮುಗಿಯುತ್ತಿತ್ತು.

ಆ ವಾರವೆಲ್ಲ ಮನೆ ತುಂಬ ನನ್ನ ಹೆಸರೇ. ದೇವಕಿ ಗೇಟು ತೆರೆದಳು, ದೇವಕಿ ನೀರು ಹತ್ತಿಸಿದಳು, ದೇವಕಿ ವಾರ್ತೆ ಓದಿದಳು. “ಒಳ್ಳೆಯ ಸ್ವಭಾವ. ಒಂದು ಮಾತು ಎದುರು ಹೇಳುವುದಿಲ್ಲ” ಎಂದು ಇವರು ಹೊಗಳುವುದು ಬೇರೆ. ಒಂದೇ ಸಾಲದು ಎಂದು ಅದೇ ಹೆಸರಿನ ಇನ್ನೊಂದು ಪೆಟ್ಟಿಗೆ ತರಿಸಿ ಮಲಗುವ ಕೋಣೆಯಲ್ಲಿ, ಬಚ್ಚಲ ಬಾಗಿಲ ಪಕ್ಕದಲ್ಲೇ ಇಡಿಸಿದರು. ಬಂದವರಿಗೆಲ್ಲ ಪ್ರದರ್ಶನ. ಮೀಂಜದಿಂದ ಇವರ ಗೆಳೆಯ ಮಹಾಲಿಂಗ ಭಟ್ಟರು ಬಂದಾಗಲೂ ಲೈಟು ಹಾಕಿಸಿದರು, ಆರಿಸಿದರು, ಪುನಃ ಹಾಕಿಸಿದರು. ಭಟ್ಟರು ನಮ್ಮಲ್ಲಿ ಊಟ ಮಾಡಿದ್ದಕ್ಕೆ ಲೆಕ್ಕವಿಲ್ಲ, ನಾನು ಮಜ್ಜಿಗೆ ಹಾಕಿ ಮಾಡುವ ಮೇಲಾರವನ್ನು ಊರೆಲ್ಲ ಹೊಗಳಿದ್ದಾರೆ.

“ದೇವಕಿ. ಹಳೇ ಕಾಲದ ಒಳ್ಳೆ ಹೆಸರು ಮಾರಾಯ” ಎಂದರು ಭಟ್ಟರು. “ಎಲ್ಲಿ ಸಿಕ್ಕಿತು?”

“ಮನೆಯಲ್ಲೇ ಇತ್ತು” ಎಂದರು ಇವರು. “ಸುಮ್ಮನೆ ಬಿದ್ದಿತ್ತು.”

ಭಟ್ಟರಿಗೆ ಅರ್ಥವಾಗಲಿಲ್ಲ. ನನ್ನ ಹೆಸರೇನೆಂದು ಅವರಿಗೆ ಗೊತ್ತಿದ್ದರಲ್ಲವೇ? ನಾನು ಅವರಿಬ್ಬರಿಗೂ ಮಜ್ಜಿಗೆ ಬಡಿಸಿ ಒಳಗೆ ಬಂದು ಕೂತೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದು ಹಿತ್ತಲಿನದ್ದೇ, ಕುಡಿಸಿದ್ದು ಮಾತ್ರ ಪೆಟ್ಟಿಗೆಗೆ. ಹೊಟ್ಟೆ ಉರಿಯಿತು. ಉರಿಯುವಾಗಲೇ ಒಂದು ಬುದ್ಧಿ ಹೊಳೆಯಿತು. ಆ ಪೆಟ್ಟಿಗೆಗೆ ಇವರು ಇಷ್ಟು ಮರ್ಯಾದೆ ಕೊಡುವುದು ಯಾಕೆ? ಅದು ಹೆಸರು ಹಿಡಿದು ಕರೆಯದಿದ್ದರೆ ಓಗೊಡುವುದಿಲ್ಲ. ನೂರು ಸಲ “ಇದಾ” ಎಂದರೂ ಕದಲುವುದಿಲ್ಲ. ಅದಕ್ಕಿರುವ ಗತ್ತು ನನಗಿರಲಿಲ್ಲ. ಇನ್ನು ನಾನೂ ಓಗೊಡುವುದಿಲ್ಲ ಎಂದು ನಿಶ್ಚಯಿಸಿದೆ. ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ, ಎದುರಿಗೆ ಬಂದು ಕೇಳಿದರೆ ಹೇಳುತ್ತೇನೆ. ಕರೆದರೆ ಮಾತ್ರ ಇಲ್ಲ.

ಪರೀಕ್ಷೆ ಮರುದಿನವೇ ಬಂತು. ಇವರು ಸ್ನಾನಕ್ಕೆ ಹೋಗಿದ್ದರು. ಮೈ ಒರೆಸುವ ಬೈರಾಸು ಮರೆತು ಹೋಗುವುದು ಇವರ ನಿತ್ಯದ ಕ್ರಮ.

“ಇದಾ, ಬೈರಾಸು!”

ನಾನು ಸೌತೆಕಾಯಿ ಹೆಚ್ಚುತ್ತಿದ್ದೆ.

“ಇದಾ! ಕೇಳಿತ್ತಾ?”

“ಅತ್ತೆ, ಮಾವ ಕರೀತಾ ಇದ್ದಾರೆ” ಎಂದಳು ಸುಪ್ರೀತಾ.

“ಯಾರನ್ನು?” ಎಂದೆ. ಅವಳು ನನ್ನನ್ನು ಒಮ್ಮೆ ನೋಡಿದಳು, ನಗು ತಡೆಯಲು ಪಾತ್ರೆ ತೊಳೆಯುವ ನೆಪದಲ್ಲಿ ಆಚೆ ತಿರುಗಿದಳು.

“ಯಾರೂ ಇಲ್ವಾ ಮನೆಯಲ್ಲಿ? ಚಳಿ ಆಗ್ತಾ ಉಂಟು! ಇದಾ!” ಆಮೇಲೆ ಮನೆಯೇ ನಡುಗುವ ಹಾಗೆ, “ದೇವಕೀ!”

“ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ” ಎಂದಿತು ಮಲಗುವ ಕೋಣೆಯ ಪೆಟ್ಟಿಗೆ.

“ಬೈರಾಸು ಕೊಡು!”

“ಕ್ಷಮಿಸಿ. ಬೈರಾಸು ಎಂಬ ಉಪಕರಣ ಈ ಮನೆಯಲ್ಲಿ ಸಿಗುತ್ತಿಲ್ಲ.”

“ನಿನ್ನನ್ನಲ್ಲ! ನಾನು ದೇವಕಿಯನ್ನು ಕರೆದದ್ದು!”

“ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ.”

“ಅಯ್ಯೋ, ನಿನ್ನನ್ನಲ್ಲ ಮಾರಾಯ್ತಿ, ನನ್ನ ಹೆಂಡತಿ ದೇವಕಿಯನ್ನು!”

ಹೆಚ್ಚುತ್ತಿದ್ದ ಕೈ ನಿಂತಿತು. ಬಚ್ಚಲಿನಿಂದ, ಒದ್ದೆ ಮೈಯಲ್ಲಿ, ಬೈಗುಳದ ದನಿಯಲ್ಲಿ ಬಂದರೂ ಆ ಮಾತು ನನ್ನದೇ ಆಗಿತ್ತು. ನನಗೆ ಖುಷಿಯಾಯಿತು ಎಂದು ಹೇಳಲು ನಾಚಿಕೆ ಇಲ್ಲ. ಬೈರಾಸು ತೆಗೆದುಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ಕೊಟ್ಟೆ.

“ಅಷ್ಟು ಸಲ ಕರೆದೆ, ಕೇಳ್ಲಿಲ್ವಾ ನಿನ್ಗೆ?” ಎಂದರು ಒಳಗಿನಿಂದ, ಹಲ್ಲು ಕಟಕಟ ಎನ್ನುತ್ತಿತ್ತು.

“ಕೇಳಿತು. ನನ್ನನ್ನು ಅಂತ ಗೊತ್ತಾಗ್ಲಿಲ್ಲ” ಎಂದೆ.

ಆ ದಿನ ಪೂಜೆಯಲ್ಲಿ ಇವರಿಗೆ ಮಂತ್ರ ಎರಡೆರಡು ಸಲ ತಪ್ಪಿತು. ಊಟಕ್ಕೆ ಕೂತಾಗ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಒಂದು ಸಲ “ಇದಾ” ಎಂದು ಶುರುಮಾಡಿ, ನಾನು ತಲೆ ಎತ್ತದ್ದನ್ನು ಕಂಡು, ತಾವೇ ಎದ್ದು ಹೋಗಿ ನೀರು ಕುಡಿದರು. ಸಂಜೆ ಕೇಶವ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಇವರು ಅವನನ್ನು ಹಿಡಿದು ನಿಲ್ಲಿಸಿದರು.

“ಆ ಪೆಟ್ಟಿಗೆಗಳ ಹೆಸರು ಬದಲಿಸು.”

“ಯಾಕಪ್ಪ? ಚಂದ ಕೆಲಸ ಮಾಡ್ತಾ ಉಂಟಲ್ಲ?”

“ಆ ಹೆಸರು ಇಲ್ಲಿ ಬೇಕಾಗ್ತದೆ.”

“ಮತ್ತೆ ಇವಕ್ಕೆ ಯಾವ ಹೆಸರು ಇಡುವುದು?”

“ಎಂತದಾದ್ರೂ ಇಡು ಮಾರಾಯ. ಪಿಂಕಿ ಅಂತಲೇ ಇಡು.”

ಪ್ರೀತಿ ಉಕ್ಕಿ ಹೀಗೆ ಹೇಳಿದರು ಎಂದು ನಾನು ಯಾರಿಗೂ ಹೇಳುವುದಿಲ್ಲ. ಒದ್ದೆ ಮೈಯಲ್ಲಿ ನಿಂತವರಿಗೆ ಬಂದ ಬುದ್ಧಿ ಅದು. ಆದರೆ ಬಂದದ್ದು ಬಂತಲ್ಲ.

ಮರುದಿನ ಮೂರು ಗಂಟೆಯ ಕಾಫಿಯ ಹೊತ್ತು. ಚಾವಡಿಯಲ್ಲಿ ಇವರು ಎರಡು ಸಲ ಕೆಮ್ಮಿದ್ದು ಕೇಳಿಸಿತು. ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ, ಹೆಣ್ಣು ನೋಡಲು ಬಂದ ಹುಡುಗನ ದನಿಯಂಥ ಒಂದು ಸಣ್ಣ ದನಿ ಬಂತು.

“ದೇವಕಿ... ಕಾಫಿ ಉಂಟಾ?”

ಮನೆಯಲ್ಲಿ ಬೇರೆ ಯಾವುದೂ ಉತ್ತರ ಕೊಡಲಿಲ್ಲ. ಸುಪ್ರೀತಾ ಅಡುಗೆಮನೆಯ ಬಾಗಿಲಿನಿಂದ ಇಣುಕಿ ನನ್ನನ್ನು ನೋಡಿದಳು. ನಾನು ಬಾಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದೆ. ಕಾಫಿ ಲೋಟಕ್ಕೆ ಹೊಯ್ದು ಆಗಿತ್ತು, ಬಿಸಿ ಆರುತ್ತಲೂ ಇತ್ತು. ಆದರೂ ಇನ್ನೊಂದು ಸಲ ಕರೆಯಲಿ ಎಂದು ಕೂತೇ ಇದ್ದೆ.