ಸುಳ್ಳು ಹೇಳುವ ಮೂಗು

ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಸುಟ್ಟ ವಾಸನೆ ಬಂತು. ಬಂತು ಎಂದು ಧೈರ್ಯವಾಗಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಮಾರ್ಚಿನಲ್ಲಿ ನನಗೆ ಎಲ್ಲವೂ ಸುಟ್ಟ ವಾಸನೆಯೇ. ಜನವರಿಯಲ್ಲಿ, ಈ ಪರದೇಶದಲ್ಲಿ ನಾನು ಡಾಕ್ಟರಾಗಿರುವ ಕಾರ್ಕ್ ನಗರದ ಆಸ್ಪತ್ರೆಯ ಕೋವಿಡ್ ವಾರ್ಡಿನಿಂದ ಸೋಂಕು ಹಚ್ಚಿಕೊಂಡು ಬಂದೆ. ಜ್ವರ ಹೋಯಿತು, ಕೆಮ್ಮು ಹೋಯಿತು, ಎರಡು ತಿಂಗಳ ಮೇಲೆ ಮೂಗು ಕೆಟ್ಟು ಕೂತಿತು. ಕಾಫಿ ಸುಟ್ಟ ರಬ್ಬರು, ಈರುಳ್ಳಿ ಸುಟ್ಟ ರಬ್ಬರು, ಹಲ್ಲುಜ್ಜುವ ಪೇಸ್ಟೂ ಸುಟ್ಟ ರಬ್ಬರು.

ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದವರನ್ನು ಉಸಿರಿನ ವಾಸನೆಯಿಂದಲೇ ವಾರ್ಡಿನ ಬಾಗಿಲಲ್ಲಿ ಗುರುತಿಸುತ್ತಿದ್ದ ಮೂಗು ಇದು. ಮೈಸೂರಿನಲ್ಲಿ ಓದುವಾಗ ನಮ್ಮ ಪ್ರೊಫೆಸರು ಹುಡುಗರಿಗೆ "ವಸುಂಧರಾ ಮೂಗು ಕಡ ತಗೊಂಡು ಬನ್ರಪ್ಪ" ಎಂದು ರೇಗಿಸುತ್ತಿದ್ದರು. ಅಂಥದ್ದು ನನ್ನ ಕೆಲಸಕ್ಕೇ ಬಾರದಂತಾಯಿತಲ್ಲ ಎಂಬ ನಾಚಿಕೆಗೆ ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿದ್ದ ಇನ್ನೊಂದು ಮೂಗು ಗಂಡ ಚಾಮರಾಜನದು. ಅವನಿಗೆ ಪಾಸಿಟಿವ್ ಬಂದು ಆರು ದಿನವಾಗಿತ್ತು. ನನಗೆ ಒಮ್ಮೆ ಬಂದು ಹೋಗಿದ್ದರೂ ಮತ್ತೆ ಬರುವುದಿಲ್ಲವೆಂದು ಯಾರೂ ಬರೆದುಕೊಡುತ್ತಿರಲಿಲ್ಲ, ಹಾಗಾಗಿ ಅವನು ಮಹಡಿಯ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದ. ಜ್ವರ, ನಿಂತರೆ ತಲೆಸುತ್ತು. ಅವನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಉಪ್ಪಿನಕಾಯಿ ಬಾಟಲಿಯನ್ನು ಮೂಗಿಗೆ ಹಿಡಿದರೂ ಸುಮ್ಮನೆ ಮುಖ ನೋಡುತ್ತಿದ್ದ.

ಆ ತಿಂಗಳಲ್ಲಿ ನಾನು ಆಗಲೇ ಮೂರು ಸಲ ಬೆಂಕಿ ಬೆಂಕಿ ಎಂದು ಕೂಗಿದ್ದೆ. ಮೊದಲು ಟೋಸ್ಟರ್, ಆಮೇಲೆ ಕಾರು, ಮೂರನೆಯ ಸಲ ಸೀದಾ ಫೈರ್ ಬ್ರಿಗೇಡಿಗೇ ಫೋನು. ಎರಡು ಗಾಡಿ ಬಂದವು. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲದೆ ಬೇಜಾರಾಗಿದ್ದ ನಮ್ಮ ಬೀದಿಯವರೆಲ್ಲ ಡ್ರೆಸಿಂಗ್ ಗೌನಿನಲ್ಲೇ ಹೊರಗೆ ಬಂದು ನೋಡಿದರು. ಫೈರ್‌ನವನು ಮನೆಯೆಲ್ಲ ಸುತ್ತಿ ಬಂದು, "ಯೂ ಆರ್ ಗ್ರ್ಯಾಂಡ್", ಅಂದರೆ ಇಲ್ಲಿಯವರ ಮಾತಿನಲ್ಲಿ ನಿಮಗೇನೂ ಆಗಿಲ್ಲ ಬಿಡಿ, ಎಂದು ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿಹೋದ. ಆ ಗ್ರ್ಯಾಂಡ್ ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ಇನ್ನು ಮೇಲೆ ಯಾರಿಗೆ ಫೋನ್ ಮಾಡುವ ಮುಂಚೆಯೂ ತನ್ನನ್ನು ಕೇಳಬೇಕೆಂದು ಚಾಮು ನನ್ನಿಂದ ಮಾತು ತೆಗೆದುಕೊಂಡಿದ್ದ.

ಈಗ ಅವನ ಹಾಸಿಗೆಯ ಬಟ್ಟೆಯನ್ನೆಲ್ಲ ವಾಷಿಂಗ್ ಮೆಷಿನ್ನಿಗೆ ತುಂಬಿ ತೊಂಬತ್ತು ಡಿಗ್ರಿಗೆ ಹಾಕಿದ್ದೆ. ಇಲ್ಲಿಯ ಮನೆಗಳಲ್ಲಿ ಮೆಷಿನ್ ಇರುವುದು ಅಡುಗೆಮನೆಯಲ್ಲೇ, ಕಟ್ಟೆಯ ಕೆಳಗೆ. ಕಟ್ಟೆಯ ಮೇಲೆ ಗ್ರೈಂಡರಿನಲ್ಲಿ ಭಾನುವಾರದ ಇಡ್ಲಿಗೆ ಉದ್ದು ತಿರುಗುತ್ತಿತ್ತು. ಅದರ ಮೇಲಿನ ಮಹಡಿಯಲ್ಲಿ ಚಾಮು. ಅವನು ಇಳಿದು ಬರಬೇಕಾದ ಮೆಟ್ಟಿಲು ಇದೇ ಅಡುಗೆಮನೆಯೊಳಗೆ ಇಳಿಯುತ್ತದೆ. ಬೇರೆ ದಾರಿಯಿಲ್ಲ. ಇಲ್ಲಿ ಬೆಂಕಿ ಹತ್ತಿದರೆ ಅವನು ಮೇಲೇ ಸಿಕ್ಕಿಹಾಕಿಕೊಳ್ಳುತ್ತಾನೆ ಎಂಬುದು ನೆನಪಾಯಿತು. ಮೇಲೆ ಮಲಗಿದ್ದ ಅವನಿಗೇ ಫೋನ್ ಮಾಡಿದೆ.

"ಚಾಮು, ಮೆಷಿನ್ ಹತ್ರ ಏನೋ ಸುಡ್ತಾ ಇದೆ ಅನ್ಸುತ್ತೆ."

"ಬೆಳಿಗ್ಗೆ ಕಾಫೀನೂ ಸುಟ್ಟಿತ್ತಲ್ಲ ವಸು."

"ಇದು ಬೇರೆ ಥರ."

"ಹೆಂಗೆ ಬೇರೆ?"

ನಿಜ ಹೇಳಬೇಕೆಂದರೆ ಅದೇ ರಬ್ಬರು, ಅದೇ ಪೇಸ್ಟು.

"ಅಲಾರಂ ಹೊಡ್ಕೊಳ್ತಾ?" ಎಂದ.

"ಇಲ್ಲ."

"ಹಂಗಾದ್ರೆ ಏನೂ ಇಲ್ಲ ಬಿಡು. ತಲೆ ಸಿಡೀತೈತೆ, ಸ್ವಲ್ಪ ಮಲಗ್ತೀನಿ ಕಣೇ."

ತಲೆಯೆತ್ತಿ ಸೂರಿನಲ್ಲಿದ್ದ ಹೊಗೆ ಅಲಾರಂ ನೋಡಿದೆ. ಅದಕ್ಕೆ ಶವರ್ ಕ್ಯಾಪ್ ತೊಡಿಸಿತ್ತು! ಈ ಮನೆಗೆ ಬಂದ ಮೊದಲ ವಾರವೇ ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಬಾಯಿ ಬಡಿದುಕೊಂಡಿತ್ತೆಂದು ಚಾಮು ಹೋಟೆಲಿನ ಶವರ್ ಕ್ಯಾಪ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದಿದ್ದ. ನಾನೂ ಭೇಷ್ ಎಂದಿದ್ದೆ. ಬೈದುಕೊಳ್ಳುತ್ತಾ ಕುರ್ಚಿ ಹತ್ತಿ ಅದನ್ನು ಕಿತ್ತೆ. ಅಲಾರಂ ಸುಮ್ಮನಿತ್ತು. ಹಾಗಾದರೆ ಹೊಗೆಯಿಲ್ಲ. ಹೊಗೆಯಿಲ್ಲದಿದ್ದರೆ ಬೆಂಕಿಯೂ ಇಲ್ಲವೇ? ಅದು ನನಗೆ ಗೊತ್ತಿರಲಿಲ್ಲ.

ಮೆಷಿನ್ ನಿಲ್ಲಿಸಿದೆ. ಮೂಗು ಕೈಕೊಟ್ಟರೆ ಏನು, ರೋಗಿಯನ್ನು ನೋಡಲು ಕಣ್ಣಿದೆ, ಕೈಯಿದೆ, ಕಿವಿಯಿದೆ ಎಂದುಕೊಂಡೆ. ಮೊದಲು ಕಣ್ಣು: ಸೋಪಿನ ಡ್ರಾಯರ್, ಬಾಗಿಲಿನ ರಬ್ಬರು, ಕೆಳಗಿನ ಫಿಲ್ಟರ್, ಎಲ್ಲ ಸರಿಯಾಗಿತ್ತು. ಆಮೇಲೆ ಕೈ: ಹಿಂಗೈಯನ್ನು ಜ್ವರ ನೋಡುವಂತೆ ಮೆಷಿನ್ನಿನ ಮುಂದೆ, ಮೇಲೆ ಒತ್ತಿ ನೋಡಿದೆ. ಬಿಸಿನೀರು ತುಂಬಿದ ಡಬ್ಬಿ ಇರಬೇಕಾದಷ್ಟೇ ಬಿಸಿ. ಐದು ನಿಮಿಷ ಕಾದೆ. ವಾಸನೆ ಇಳಿಯಿತೇ, ಏರಿತೇ? ಕೈ ಮೂಸಿದರೆ ಕೈಯೂ ಸುಟ್ಟ ರಬ್ಬರೇ. ಅಳು ಬಂತು. ಮೂವತ್ತೆಂಟು ವರ್ಷ ನಂಬಿಕೊಂಡು ಬಂದಿದ್ದ ನನ್ನದೇ ಮೂಗಿನ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ನನ್ನ ತಲೆಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಮೆಷಿನ್ನನ್ನು ಮತ್ತೆ ಚಾಲೂ ಮಾಡಿದೆ.

ಡ್ರಮ್ ಎರಡು ಸುತ್ತು ಸುತ್ತಿತು. ನಾನು ಗ್ರೈಂಡರಿನ ಮುಚ್ಚಳ ತೆಗೆದು, ಅಂಚಿಗೆ ಅಂಟಿದ ಹಿಟ್ಟನ್ನು ಕೈಯಿಂದ ಒಳಗೆ ತಳ್ಳುತ್ತಿದ್ದೆ. ಆಗ ಗ್ರೈಂಡರಿನ ದನಿ ಇಳಿಯಿತು. ಕಲ್ಲು ನರಳುತ್ತಾ ನಿಧಾನವಾಯಿತು, ಮತ್ತೆ ಚೇತರಿಸಿಕೊಂಡಿತು, ಮತ್ತೆ ನರಳಿತು.

ಆ ನರಳಾಟ ನನಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ಸಂಜೆ ಕರೆಂಟು ಡಿಮ್ ಆದಾಗ ಅಮ್ಮನ ಗ್ರೈಂಡರ್ ಹೀಗೇ ನರಳುತ್ತಿತ್ತು. "ವೋಲ್ಟೇಜ್ ಇಲ್ಲ, ಆಫ್ ಮಾಡೇ" ಎಂದು ಅಮ್ಮ ಕೂಗುತ್ತಿದ್ದಳು. ಆದರೆ ಇದು ಕಾರ್ಕ್. ತಲೆಯ ಮೇಲಿನ ದೀಪ ಒಂದಿಷ್ಟೂ ಕುಂದಿರಲಿಲ್ಲ. ಮನೆಯಲ್ಲೆಲ್ಲ ಕರೆಂಟು ಸರಿಯಿದ್ದು ಗ್ರೈಂಡರಿಗೆ ಮಾತ್ರ ಸಾಲುತ್ತಿಲ್ಲವೆಂದರೆ, ಮೆಷಿನ್ನು ನೀರು ಕಾಯಿಸಲು ಶುರುಮಾಡಿದ ಕೂಡಲೇ ಅದು ಸೊರಗುತ್ತದೆಂದರೆ, ಎರಡಕ್ಕೂ ಸೇರಿದ್ದು ಯಾವುದು?

ಎಕ್ಸ್‌ಟೆನ್ಷನ್ ಬಾಕ್ಸ್! ನಮ್ಮೂರಿನ ಗ್ರೈಂಡರಿನ ಗುಂಡು ಪಿನ್ನು ಇಲ್ಲಿಯ ಗೋಡೆಗೆ ಹೋಗುವುದಿಲ್ಲವೆಂದು, ಎಲ್ಲ ಥರದ ಪಿನ್ನೂ ಹಿಡಿಸುವ, ತನಗೆ ಮಾತ್ರ ಇಲ್ಲಿಯ ಪಿನ್ನೇ ಇರುವ ಆ ಬಾಕ್ಸನ್ನು ನಾನೇ ಮೈಸೂರಿನಿಂದ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದೆ. ಮೆಷಿನ್ನಿನ ಹಿಂದೆ ಇದ್ದದ್ದು ಒಂದೇ ಸಾಕೆಟ್. ಅದಕ್ಕೆ ಬಾಕ್ಸು, ಬಾಕ್ಸಿಗೆ ಮೆಷಿನ್ನು, ಗ್ರೈಂಡರ್ ಎರಡೂ. ಮೂವತ್ತು ಡಿಗ್ರಿಯಲ್ಲಿ ಬಟ್ಟೆ ಒಗೆಯುವ ತನಕ ತೊಂದರೆಯಾಗಿರಲಿಲ್ಲ. ಕೋವಿಡ್ ಬಂದ ಮೇಲೆ ದಿನವೂ ತೊಂಬತ್ತು. ಮೊಬೈಲ್ ಚಾರ್ಜ್ ಮಾಡಲು ಲಾಯಕ್ಕಾದ ಬಾಕ್ಸಿನಿಂದ ನಾನು ನೀರು ಕುದಿಸುತ್ತಿದ್ದೆ.

ಕಟ್ಟೆಯ ಪಕ್ಕದ ಸಂದಿಯಲ್ಲಿ ಕೈ ತೂರಿಸಿದೆ. ಹಿಂಗೈ ತಗುಲಿದ್ದೇ ಚುರ್ ಎಂದಿತು. ಫೋನಿನ ಟಾರ್ಚ್ ಹಿಡಿದು ನೋಡಿದರೆ ಬಿಳಿ ಬಾಕ್ಸು ಕಂದು ಬಣ್ಣಕ್ಕೆ ತಿರುಗಿ, ಒಂದು ಮೂಲೆ ಕರಗಿ ಜೋಲುತ್ತಿತ್ತು. ಒಳಗಿಂದ ಚಿಟಿಚಿಟಿ ಸದ್ದು. ಪ್ಲಗ್ ಕಿತ್ತುಬಿಡೋಣವೆಂದು ಕೈ ಮುಂದೆ ಹೋಯಿತು. ಕೈ ತುಂಬ ಹಸಿ ಹಿಟ್ಟು! ಹಿಂದಕ್ಕೆಳೆದುಕೊಂಡು ಮುಂಬಾಗಿಲ ಹತ್ತಿರದ ಫ್ಯೂಸ್ ಬೋರ್ಡಿಗೆ ಓಡಿ ಮೇನ್ ಸ್ವಿಚ್ ಕೆಳಗಿಳಿಸಿದೆ. ಎಲ್ಲ ನಿಂತಿತು.

"ಚಾಮು, ಇಳಿದು ಬಾ! ಈಗಲೇ ಬಾ!"

ಅವನು ಮಾಸ್ಕ್ ಹಾಕಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದ.

"ಮತ್ತೇನಾ?" ಎಂದ, ಬೇಸರದಲ್ಲಿ.

ಟಾರ್ಚನ್ನು ಸಂದಿಗೆ ಹಿಡಿದೆ. ಅವನು ಬಗ್ಗಿ ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

"ನಾನು ನಿನ್ನ ನಂಬ್ಲಿಲ್ಲ ಕಣೇ."

"ನನ್ನನ್ನ ನಾನೇ ನಂಬ್ಲಿಲ್ಲ. ಆಫ್ ಮಾಡಿದ್ದನ್ನ ಮತ್ತೆ ಆನ್ ಮಾಡಿದೆ, ಗೊತ್ತಾ?" ಎಂದೆ.

ತಣ್ಣಗಾದ ಮೇಲೆ ಮೆಷಿನ್ ಎಳೆದು, ಬಾಕ್ಸನ್ನು ಹಿತ್ತಲಿಗೆ ಎಸೆದೆ. ಎಸೆಯುವ ಮುಂಚೆ ಮೂಗಿನ ಹತ್ತಿರ ಹಿಡಿದು ನೋಡಿದೆ. ಬೆಳಗಿನ ಕಾಫಿಯ ವಾಸನೆಯೇ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನಗೆ ಕೋವಿಡ್ ಬಂದು ಮೂರು ತಿಂಗಳಾಗಿರದ ಕಾರಣ ಡ್ಯೂಟಿಗೆ ತಡೆಯಿರಲಿಲ್ಲ; ಸೋಮವಾರ ಹೋದ ಕೂಡಲೇ ನನ್ನ ಮೇಲಿನ ಕನ್ಸಲ್ಟೆಂಟ್ ಡಾಕ್ಟರ ಹತ್ತಿರ ಮೂಗಿನ ವಿಷಯವನ್ನೆಲ್ಲ ಹೇಳಿಬಿಟ್ಟೆ.

ಅದಾದ ಮೂರನೆಯ ವಾರ, ಚಾಮು ಚೇತರಿಸಿಕೊಂಡು ಮಹಡಿಯ ಅದೇ ರೂಮಿನಲ್ಲಿ ಆಫೀಸಿನ ಕೆಲಸ ಶುರುಮಾಡಿದ್ದ. ಒಂದು ಮಧ್ಯಾಹ್ನ ಮೆಟ್ಟಿಲ ತುದಿಗೆ ಬಂದು ನಿಂತ. ಮುಖ ಬಿಳಿಚಿಕೊಂಡಿತ್ತು.

"ವಸು, ನಗಬೇಡ. ಏನೋ ಸುಟ್ಟ ವಾಸನೆ ಬರ್ತೈತೆ."

ಸತ್ತ ಮೂಗು ಕೆಲವರಿಗೆ ಹೀಗೇ, ಇಲ್ಲದ ಸುಟ್ಟ ವಾಸನೆಯೊಂದಿಗೆ ವಾಪಸು ಬರುತ್ತದೆ ಎಂದು ವೈದ್ಯಳಾದ ನನಗೆ ಗೊತ್ತು. ಅದು ನಿನ್ನ ಮೂಗು ಕಣೋ, ಯೂ ಆರ್ ಗ್ರ್ಯಾಂಡ್ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಮೇಲೆ ಹೋಗಿ, ಬೊಬ್ಬೆ ಒಣಗಿದ ಆ ಹಿಂಗೈಯಿಂದಲೇ ಚಾರ್ಜರ್, ದೀಪ, ಹೀಟರ್, ಮಂಚದ ಹಿಂದಿನ ಸಾಕೆಟ್, ಒಂದೊಂದನ್ನೂ ಮುಟ್ಟಿ ನೋಡಿದೆ. ಅವನು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ.

"ಎಲ್ಲಾ ತಣ್ಣಗಿದೆ. ಸಂಜೆ ಇನ್ನೊಂದ್ಸಲ ನೋಡ್ತೀನಿ" ಎಂದೆ.