ಸುಮ್ಮನೆ ಹೆಸರು ಹಿಡಿದು ಕರೆದರೆ

ಎಂಟರ್ ಒತ್ತಿದ ಬೆರಳು ಇನ್ನೂ ಅಲ್ಲೇ ಇದೆ, ದಾಖಲೆ ಗುಮಾಸ್ತೆಯ ಬೆರಳು, ಉಗುರಿನ ಬಣ್ಣ ಅರ್ಧ ಎದ್ದುಹೋಗಿದೆ — ಏನೋ ಆಗೋಯ್ತು ಮೇಡಂ, ಹೆಸರುಗಳು ಓಡ್ತಾನೇ ಇವೆ, ನಿಲ್ತಾ ಇಲ್ಲ — ಪರದೆಯ ತುಂಬ ರೋಗಿಗಳ ಹೆಸರು, ಒಂದರ ಬೆನ್ನಿಗೆ ಒಂದು, ಯಾವ ಫೋಲ್ಡರ್ ಕೊಟ್ರಿ, ಹಳೇ ನಕಲುಗಳದ್ದು ತಾನೇ, ಅಲ್ಲ ಮೇಡಂ, ಅದರ ಮೇಲಿಂದು ಕೊಟ್ಬಿಟ್ಟೆ ಅನ್ಸುತ್ತೆ, ಮೇಲಿನದೆಂದರೆ ಎಲ್ಲವೂ, ನಕಲೂ ಅಸಲೂ, ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಮಾತು ಹೋಗುವ ಮುಂಚೆ ಈ ಆಸ್ಪತ್ರೆ ಹನ್ನೊಂದು ವರ್ಷದಿಂದ ರೆಕಾರ್ಡ್ ಮಾಡಿಟ್ಟ ರೋಗಿಗಳ ದನಿಗಳೆಲ್ಲ, ಅದರಲ್ಲಿ ಅಕ್ಕನದೂ, ಹಳೇ ನಕಲು ಅಳಿಸುವ ಈ ಪ್ರೋಗ್ರಾಂ ಬರೆದವಳು ಈ ಮೇಡಮ್ಮೇ, ಅಕ್ಕನ ತಂಗಿ, ಕೈಯಾರೆ ಬರೆದದ್ದು, ಬರೀ ಪ್ರೋಗ್ರಾಮಿನ ಹೆಸರು ಟೈಪಿಸಿದರೆ ಕೊಟ್ಟ ಫೋಲ್ಡರನ್ನು ಅಳಿಸುತ್ತದೆ, ಪಟ್ಟಿ ಮಾತ್ರ ನೋಡಬೇಕಿದ್ದರೆ ಪಕ್ಕಕ್ಕೊಂದು ಅಕ್ಷರ ಸೇರಿಸಬೇಕು, ಕಡಿಮೆ ಟೈಪು ಹೆಚ್ಚು ಕೆಲಸ ಎಂದು ಬೀಗಿದ್ದಳು, ಸೋಡಾಬುಡ್ಡಿ ಮಾತ್ರ, ಅವಳು ಬರೆದದ್ದನ್ನೆಲ್ಲ ಪರೀಕ್ಷಿಸುವ ಆ ದಪ್ಪ ಕನ್ನಡಕದ ಹಿರಿಯ, ತಲೆಯಾಡಿಸಿದ್ದ — ಅಲ್ಲಮ್ಮ, ಸುಮ್ನೆ ಹೆಸರು ಹಿಡಿದು ಕರೆದ್ರೆ ಯಾರಾದ್ರೂ ಕೊಡಲಿ ಎತ್ತಿಕೊಂಡು ಬರ್ತಾರಾ? ಏನ್ ಬೇಕು ಅಂತ ಕೇಳ್ತಾರೆ. ಅಳಿಸೋನು ಹೆಸರಿನ ಮುಂದೆ ಎರಡು ಅಡ್ಡಗೆರೆ ಹಾಕಿ ಅಳಿಸು ಅಂತ ಪೂರ್ತಿ ಪದ ಬರೀಲಿ, ಬೆರಳು ನೋಯ್ಲಿ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು — ದಿನಕ್ಕೆ ನಲವತ್ತು ಸಲ ಅಷ್ಟುದ್ದ ಯಾರು ಬರೀತಾರೆ ಸರ್, ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದಳು, ಶುಕ್ರವಾರ ಅವನು ಹೇಳಿದಂತೆ ಬದಲಾಯಿಸಿದ್ದೂ, ಬರೀ ಹೆಸರಿಗೆ ಪಟ್ಟಿ ಮಾತ್ರ ಎಂದು, ಬುದ್ಧಿ ಬಂದು ಅಲ್ಲ, ಅವನ ಬಾಯಿ ಮುಚ್ಚಿಸೋಣವೆಂದು. ಈ ಬೆಳಿಗ್ಗೆ ಹೊಸದನ್ನು ಎಲ್ಲ ಯಂತ್ರಗಳಿಗೂ ಕಳಿಸಿದಳು, ಗುಮಾಸ್ತೆಯ ಈ ಯಂತ್ರ ಆಗ ಆನ್ ಆಗಿತ್ತೋ ಇಲ್ಲವೋ, ಹಳೆಯದೂ ಅಳಿಸುತ್ತ ಅಳಿಸುತ್ತ ಹೀಗೇ ಹೆಸರು ಹೇಳುತ್ತಿತ್ತಲ್ಲ, ನೋಡಿ ಗೊತ್ತಾಗುವುದಿಲ್ಲ, ವೈರು ಕಿತ್ತುಬಿಡಲೇ, ಅಗೋ ಅಕ್ಕನ ಹೆಸರು, ಬಂತು, ಮೇಲಕ್ಕೆ ಹೋಯಿತು — ದನಿ ಹಿಡಿದಿಟ್ಟ ಆ ದಿನ ಗಾಜಿನಾಚೆ ಮೈಕಿಗೆ ಬಾಯಿ ಹಚ್ಚಿ ಕೂತಿದ್ದ ಅಕ್ಕ, ಅವಳ ತುಟಿ ಆಡುತ್ತಿತ್ತು, ಈಚೆಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ನಿಂತಿತು. ಕೊನೆಯ ಸಾಲು, ಶುಕ್ರವಾರ ಸಿಡಿಮಿಡಿಗುಟ್ಟುತ್ತ ಬರೆದದ್ದು: ಇದು ಪಟ್ಟಿ ಮಾತ್ರ, ಏನನ್ನೂ ಅಳಿಸಿಲ್ಲ. ಅವಳು ಎರಡು ಸಲ ಓದಿದಳು, ಹೋದ ಜೀವ ಬಂದಂತಾಯಿತು, ಗುಮಾಸ್ತೆಯ ಕುರ್ಚಿಯ ತೋಳಿನ ಮೇಲೇ ಕೂತುಬಿಟ್ಟಳು — ನನ್ ಕೆಲಸ ಹೋಯ್ತಾ ಮೇಡಂ, ಇಲ್ಲ ಮಾರಾಯ್ತಿ, ತಪ್ಪು ನಿಮ್ದಲ್ಲ, ನೀರು ಕುಡೀರಿ, ನನಗೂ ಕೊಡಿ — ಸೋಡಾಬುಡ್ಡಿಗೆ ಹೇಳಬೇಕು, ನಾನ್ ಹೇಳ್ಲಿಲ್ವಾ ಎಂದು ವರ್ಷವಿಡೀ ಮೆರೆಯುತ್ತಾನೆ, ಮೆರೆಯಲಿ, ಕಾಲಿಗೆ ಬೀಳು ಎಂದರೂ ಬಿದ್ದಾಳು, ಎಂಥ ಹಗುರ, ನಗು ಬರುತ್ತಿದೆ, ಅಕ್ಕನ ದನಿ ಒಂದು ಸಲ ಕೇಳಿಬಿಡಲೇ, ಏಳು ತಿಂಗಳಿಂದ ಧೈರ್ಯವಾಗಿಲ್ಲ, ಅಕ್ಕ ಈಗ ಚೀಟಿ ಬರೆದು ಜಗಳವಾಡುತ್ತಾಳೆ, ಚೀಟಿಯಲ್ಲೂ ಅವಳೇ ಗೆಲ್ಲುತ್ತಾಳೆ, ಹೆಡ್‌ಫೋನ್ ಕೊಡಿ ಇಲ್ಲಿ, ಫೈಲು ತೆರೆಯಿತು, ಓದಲು ಕೊಟ್ಟ ಐವತ್ತು ವಾಕ್ಯ ಮುಗಿದ ಮೇಲೂ ಅಕ್ಕ ತಲೆ ಎತ್ತಿ ಇತ್ತ ನೋಡುತ್ತ ಏನೋ ಅಂದಿದ್ದಳಲ್ಲ, ಅಲ್ಲಿಗೇ ಸರಿಸಿದಳು, ಉಸಿರು, ಕುರ್ಚಿಯ ಕಿರುಗುಟ್ಟು, ಆಮೇಲೆ — ಏ ಕೋತಿ, ಯಾಕೆ ಹಂಗೆ ನಿಂತಿದ್ದೀಯ, ಊಟ ಮಾಡಿದ್ಯಾ ಇಲ್ವಾ — ಗಾಜಿನಾಚೆ ಅಕ್ಕನ ತುಟಿ, ಊಟ ಮಾಡಿದ್ಯಾ, ಅಕ್ಕನ ತುಟಿ