ಎದುರು ವಾದಕ್ಕೆ ಇಪ್ಪತ್ತು ಅಂಕ

ಸಮಿತಿಯ ಕಚೇರಿಯಲ್ಲಿ ಅವಳಿಗೆ ತಕ್ಕಡಿ ಮೇಡಂ ಎಂದೇ ಹೆಸರು. ಕೆಲಸಗಾರರ ಮೇಲೆ ಕಣ್ಣಿಡುವ ಯಂತ್ರಗಳಿಗೆ ಕಡಿವಾಣ ಬೇಕೋ ಬೇಡವೋ ಎಂದು ಜನರೂ ಕಂಪನಿಗಳೂ ಬರೆದು ಕಳಿಸಿದ ಅಹವಾಲುಗಳನ್ನು ಓದಿ, ಯಾರ ವಾದ ಎಷ್ಟು ನಾಟುತ್ತದೆ ಎಂದು ಅಂಕ ಹಾಕುವುದು ಅವಳ ಕೆಲಸ. ಐವತ್ತು ಅಂಕ ದಾಟಿದವರಿಗೆ ವಿಚಾರಣೆಯಲ್ಲಿ ಮಾತಾಡುವ ಅವಕಾಶ. ದಾಟದವರ ಕಾಗದ ರಟ್ಟಿನ ಪೆಟ್ಟಿಗೆಗೆ.

ಓದಿ ಓದಿ ಅವಳ ಕಣ್ಣು ಬತ್ತಿಹೋಗಿತ್ತು. ಕಂಪನಿಗಳ ವಾದ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗುತ್ತಿತ್ತು. 'ಕಾರ್ಮಿಕರ ಸಂಕಟ ನಮಗೂ ಅರ್ಥವಾಗುತ್ತದೆ, ಆದರೆ' ಎಂದು ಒಂದು ಸಾಲು ಗೀಚಿದರೆ ಸಾಕು, ಎದುರು ವಾದವನ್ನು ಪರಿಗಣಿಸಿದ್ದಕ್ಕೆ ಇಪ್ಪತ್ತಕ್ಕೆ ಇಪ್ಪತ್ತು. ಆ ಕಾಲಂ ಅನ್ನು ಹಟ ಹಿಡಿದು ಸೇರಿಸಿದವಳು ಅವಳೇ. ಊರಿನ ಓದುಬಳಗದ ಚರ್ಚೆಗಳಲ್ಲಿ ಬೆಳೆದವಳು; ಎದುರಾಳಿಗೆ ಕಿವಿಗೊಡದವನ ವಾದ ವಾದವೇ ಅಲ್ಲ ಎಂದು ಅಲ್ಲಿ ಕಲಿತಿದ್ದಳು.

ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತಿದ್ದ ಅವಳ ತಂಗಿಯೂ ಅಹವಾಲು ಬರೆದಿದ್ದಳು. ಕೈ ನಿಧಾನವಾಯಿತೆಂದು ಯಂತ್ರ ಅವಳನ್ನು ಕೆಲಸದಿಂದ ತೆಗೆದಿತ್ತು; ಯಾಕೆಂದು ಕೇಳಲು ಅಲ್ಲಿ ಮನುಷ್ಯರೇ ಇರಲಿಲ್ಲ. ವಿಚಾರಣೆಯಲ್ಲಾದರೂ ಮಾಲೀಕರ ಮುಖ ನೋಡಿ ಕೇಳಬೇಕು ಎನ್ನುವುದೊಂದೇ ಅವಳ ಆಸೆ. ಒಡಹುಟ್ಟಿದವಳ ಕಾಗದ ತಾನು ಮುಟ್ಟಬಾರದೆಂದು ಅಕ್ಕ ಅದನ್ನು ಪಕ್ಕದ ಮೇಜಿನವನಿಗೆ ದಾಟಿಸಿದಳು. ಅವನು, ಪಾಪ, ಮುಖ ಸಣ್ಣದು ಮಾಡಿಕೊಂಡು ಬಂದ. ನಲವತ್ತೊಂದು. ಎದುರು ವಾದಕ್ಕೆ ಸೊನ್ನೆ.

ಅವಳು ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದಳು. ಹೊಲಿಗೆಯವರು, ಚಾಲಕರು, ದಾದಿಯರು, ಎಲ್ಲರೂ ಎಡವಿದ್ದು ಅದೇ ಕಾಲಂನಲ್ಲಿ. ಒದೆ ತಿಂದವರು ಒದ್ದ ಕಾಲಿನ ನೋವನ್ನೂ ಬರೆಯಬೇಕಿತ್ತು. ಕಂಪನಿಗೆ ಆ ಸಾಲು ಬಿಟ್ಟಿ ಉಪಚಾರ. ಇವರು ಬರೆದರೆ ತಮ್ಮನ್ನು ತೆಗೆದದ್ದು ಸರಿ ಎಂದು ತಾವೇ ರುಜು ಹಾಕಿದಂತೆ.

ಆ ಕಾಲಂ ಎಲ್ಲರಿಗೂ ರದ್ದಾಗಲಿ ಎಂದು ನಿರ್ದೇಶಕರ ಕೋಣೆಗೆ ಹೋದಳು. ಅವರು ಕನ್ನಡಕ ಒರೆಸುತ್ತಾ ಕೇಳಿಸಿಕೊಂಡರು.

"ನೀವೇ ಜಗಳ ಆಡಿ ಹಾಕಿಸಿದ್ದು ಮೇಡಂ. ಈಗ ತಂಗಿ ಫೇಲಾದ್ಲು ಅಂತ ತೆಗೀರಿ ಅಂತೀರಾ? ಈ ವಾದಕ್ಕೆ ನೀವೇ ಎಷ್ಟು ಅಂಕ ಕೊಡ್ತೀರಿ, ಹೇಳಿ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಸುಸ್ತು ಮಾಡಿತು.

ಮನೆಯಲ್ಲಿ ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಳು. ಅಂಕ ಕೇಳಿ ನಕ್ಕಳು.

"ಎದುರು ಪಕ್ಷಕ್ಕೆ ಏನಂತ ಬರೀಬೇಕಿತ್ತಕ್ಕ? ಯಂತ್ರಕ್ಕೂ ಹೆಂಡ್ತಿ ಮಕ್ಕಳಿದಾರೆ ಅಂತಾನಾ?"

ಅಕ್ಕ ನಗಲಿಲ್ಲ. ಅಹವಾಲು ಕಳಿಸಲು ಗಡುವು ಇನ್ನೂ ಮುಗಿದಿರಲಿಲ್ಲ. ಅಂಕ ಹಾಕುವವರು ಅಹವಾಲು ಕೊಟ್ಟರೆ ಕೆಲಸ ಬಿಡಬೇಕು; ಆದರೆ ಅಹವಾಲು ಐವತ್ತು ದಾಟಿದರೆ ತಮ್ಮ ಪರವಾಗಿ ಒಬ್ಬ ಸಾಕ್ಷಿಯನ್ನು ಮಾತಾಡಿಸಬಹುದು. ಅವಳು ಕಾಗದ ಎಳೆದುಕೊಂಡು ಕೂತಳು.

"ಕೆಲ್ಸ ಹೋಗುತ್ತಲ್ಲಕ್ಕ," ಎಂದಳು ತಂಗಿ, ಮಡಚುವುದನ್ನು ನಿಲ್ಲಿಸಿ.

"ಹೋಗುತ್ತೆ. ಸಾಕ್ಷಿ ಅಂತ ನಿನ್ನ ಹೆಸರು ಹಾಕ್ತೀನಿ. ನೀನು ಕೇಳೋದನ್ನ ಕೇಳು."

ಯಂತ್ರಗಳಿಗೆ ಕಡಿವಾಣ ಬೇಕು, ಅದಕ್ಕೂ ಮೊದಲು ಆ ಕಾಲಂ ಹೋಗಬೇಕು ಎಂದು, ಪುರಾವೆ, ತರ್ಕ, ಭಾಷೆ ಎಲ್ಲಕ್ಕೂ ಅಂಕ ಬೀಳುವಂತೆ ನುರಿತ ಕೈ ತಾನಾಗಿ ಬರೆದುಕೊಂಡು ಹೋಯಿತು. ಎದುರು ವಾದದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ತಂಗಿ ಇನ್ನೊಂದು ಸೀರೆ ಮಡಚಿಟ್ಟಳು. ಆಮೇಲೆ ಅಕ್ಕ, ದುಡಿಯುವವರ ಬಾಯಿಗೆ ಬೀಗ ಹಾಕಿದ ಈ ಇಪ್ಪತ್ತು ಅಂಕವನ್ನು ಒಳ್ಳೆಯ ಮನಸ್ಸಿನಿಂದಲೇ ತಂದವಳು ನಾನು, ನನ್ನ ವಾದ ಹೀಗಿತ್ತು, ಎಂದು ಬರೆಯತೊಡಗಿದಳು.